ಫ್ರಿಜ್‌ನಲ್ಲಿಟ್ಟ ರಿವೆಟ್, ನಾಲ್ಕು ವರ್ಷದ ಕೆಲಸ

ವಿಮಾನ ಕಟ್ಟುವ ಶಾಪ್‌ಗಳಲ್ಲಿ ಫ್ರಿಜ್ ಇರುತ್ತದೆ. ಒಳಗಿರುವುದು ಹಾಲು, ಮೊಸರು ಅಲ್ಲ. ರಿವೆಟ್.

ರಿವೆಟ್ ಅಂದರೆ ತಗಡಿಗೆ ತಗಡು ಸೇರಿಸುವ ಮೊಳೆಯಂಥ ತುಂಡು. ಗಟ್ಟಿ ಜಾತಿಯ ಕೆಲವು ಅಲ್ಯೂಮಿನಿಯಂ ರಿವೆಟ್‌ಗಳನ್ನು ಸುಮಾರು 490 ಡಿಗ್ರಿಗೆ ಕಾಯಿಸಿ, ತಟ್ಟನೆ ನೀರಿಗೆ ಹಾಕಿ, ಆಮೇಲೆ ಫ್ರಿಜ್‌ಗೆ ಸೇರಿಸುತ್ತಾರೆ. ತಣ್ಣಗಿರುವಷ್ಟು ಹೊತ್ತು ಅವು ಮೆತ್ತಗಿರುತ್ತವೆ. ಹೊರಗೆ ತೆಗೆದರೆ ಸಾಕು, ಯಾರೂ ಏನೂ ಮಾಡದಿದ್ದರೂ ತಾವಾಗಿಯೇ ಗಟ್ಟಿಯಾಗುತ್ತಾ ಹೋಗುತ್ತವೆ. ಹತ್ತಿಪ್ಪತ್ತು ನಿಮಿಷದೊಳಗೆ ಹೊಡೆದು ಮುಗಿಸಬೇಕು. ಹೊತ್ತು ಮೀರಿದ ರಿವೆಟ್ ಹೊಡೆದರೆ ಬಿರುಕು ಬಿಡಬಹುದು. ಉಳಿದದ್ದನ್ನು ಮತ್ತೆ ಕಾಯಿಸಲು ಕಳಿಸಬೇಕು.

ಹೊಡೆಯುವುದಕ್ಕೂ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ರಿವೆಟ್ ಗನ್ ಹಿಡಿಯುತ್ತಾರೆ. ಇನ್ನೊಬ್ಬರು ಒಳಗೆ, ರೆಕ್ಕೆಯ ಸಂದಿಯಲ್ಲೋ ಮೈಗೂಡಿನ ಮೂಲೆಯಲ್ಲೋ ಮುದುಡಿ ಕೂತು, ಬಕಿಂಗ್ ಬಾರ್ ಎಂಬ ಕಬ್ಬಿಣದ ತುಂಡನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿಯುತ್ತಾರೆ. ನಡುವೆ ತಗಡು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಹಾಗಾಗಿ ತಟ್ಟಿ ಮಾತಾಡುತ್ತಾರೆ. ಒಳಗಿನವರು ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಎಂದರ್ಥ. ಎರಡು ಸಲ ತಟ್ಟಿದರೆ ಸರಿಯಾಗಿದೆ. ಮೂರು ಸಲ ತಟ್ಟಿದರೆ ಕೆಟ್ಟಿತು, ಕೊರೆದು ತೆಗಿ. ಒಳಗೆ ಚಪ್ಪಟೆಯಾದ ತಲೆ ರಿವೆಟ್‌ನ ದಪ್ಪಕ್ಕಿಂತ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. ಅದಕ್ಕಿಂತ ಕಡಿಮೆ ಆದರೂ ತಪ್ಪು, ಜಾಸ್ತಿ ಆದರೂ ತಪ್ಪು.

ಏರೋಸ್ಪೇಸ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪೈಲಟ್, ವಿಜ್ಞಾನಿ, ಕಂಪ್ಯೂಟರ್ ಪರದೆಯ ಮುಂದೆ ಕೂತ ಎಂಜಿನಿಯರ್. ಈ ಇಬ್ಬರು ಬರುವುದಿಲ್ಲ. ಕರ್ನಾಟಕದ ಏರೋಸ್ಪೇಸ್ ಬಗ್ಗೆ ನಡೆಯುತ್ತಿರುವ ಚರ್ಚೆಯಲ್ಲೂ ಇವರ ಸುಳಿವಿಲ್ಲ. ಎಕರೆ ಎಷ್ಟು, ಕೋಟಿ ಎಷ್ಟು, ತೇಜಸ್ ಯುದ್ಧವಿಮಾನಕ್ಕೆ ಎಂಜಿನ್ ಯಾವಾಗ ಬರುತ್ತದೆ ಎಂಬುದೇ ಮಾತು. ಆದರೆ ಈ ಉದ್ಯಮದ ನಿಜವಾದ ಇಕ್ಕಟ್ಟು ಇರುವುದು ಬೇರೆ ಕಡೆ ಅನ್ನುವುದು ನನ್ನ ಲೆಕ್ಕ. ಟೆಕ್ನಿಷಿಯನ್ ಒಬ್ಬ ಕೆಲಸ ಕಲಿಯಲು ಬೇಕಾದ ಕಾಲ ಒಂದು, ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ಕಾಲ ಇನ್ನೊಂದು. ಈ ಎರಡೂ ತಾಳೆಯಾಗುತ್ತಿಲ್ಲ.

ಯಾರು ಈ ಟೆಕ್ನಿಷಿಯನ್?

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಮದುವೆ ಮನೆಯಲ್ಲಿ "ನಮ್ಮ ಹುಡುಗ ವಿಮಾನದ ಎಂಜಿನಿಯರ್" ಅಂದರೆ ಅದು ಮೂರರಲ್ಲಿ ಯಾವುದಾದರೂ ಆಗಿರಬಹುದು.

ಏರೋನಾಟಿಕಲ್ ಎಂಜಿನಿಯರ್ ಡ್ರಾಯಿಂಗ್ ಮಾಡುತ್ತಾರೆ, ಬಲದ ಲೆಕ್ಕ ಹಾಕುತ್ತಾರೆ. ಎಎಂಇ, ಅಂದರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಹಾರುತ್ತಿರುವ ವಿಮಾನಗಳನ್ನು ಪರೀಕ್ಷಿಸಿ, ಸರಿಪಡಿಸಿ, "ಇದು ಹಾರಬಹುದು" ಎಂದು ಸಹಿ ಹಾಕುವವರು. ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಲೈಸೆನ್ಸ್ ಬೇಕು. ಮಾಡ್ಯೂಲ್ ಪರೀಕ್ಷೆಗಳಲ್ಲಿ ನೂರಕ್ಕೆ 75 ಬಂದರೆ ಮಾತ್ರ ಪಾಸ್. ಎಷ್ಟೋ ಮನೆಗಳಲ್ಲಿ ಈ ಕೋರ್ಸಿಗೆ ಲಕ್ಷಗಟ್ಟಲೆ ಸುರಿದ ಮೇಲೆ ಗೊತ್ತಾಗುತ್ತದೆ, ಲೈಸೆನ್ಸ್‌ಗೆ ಕೆಲಸದ ಅನುಭವ ಬೇಕು, ಅನುಭವ ಸಿಗಲು ಕೆಲಸ ಬೇಕು ಎಂದು.

ಮೂರನೆಯವರು ನಮ್ಮ ಟೆಕ್ನಿಷಿಯನ್. ಐಟಿಐ ಅಥವಾ ಡಿಪ್ಲೊಮಾ ಓದಿದವರು. ಫಿಟ್ಟರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ವೆಲ್ಡರ್. ಡ್ರಾಯಿಂಗ್‌ನಲ್ಲಿರುವುದನ್ನು ಲೋಹಕ್ಕೆ ಇಳಿಸುವವರು. ಜಿಗ್ ಎಂಬ ಬಿಗಿ ಚೌಕಟ್ಟಿನ ಮೇಲೆ ಭಾಗ ಜೋಡಿಸುವುದು, ರಂಧ್ರ ಕೊರೆದು ನಿಖರ ಅಳತೆಗೆ ರೀಮ್ ಮಾಡುವುದು, ವೈರಿಂಗ್ ಲೂಮ್ (ವೈರ್‌ಗಳ ಕಂತೆ) ಕಟ್ಟುವುದು, ಎಂಜಿನ್ ಅನ್ನು ಟೆಸ್ಟ್ ಬೆಡ್‌ಗೆ ಏರಿಸುವುದು, ಉಪಗ್ರಹಕ್ಕೆ ಕನೆಕ್ಟರ್ ಕೂರಿಸುವುದು ಎಲ್ಲ ಇವರದೇ. ಈಚೆಗೆ ಐಟಿಐಗಳಲ್ಲಿ ಏರೋನಾಟಿಕಲ್ ಸ್ಟ್ರಕ್ಚರ್ ಆಂಡ್ ಇಕ್ವಿಪ್‌ಮೆಂಟ್ ಫಿಟ್ಟರ್ ಎಂಬ ಟ್ರೇಡೇ ಬಂದಿದೆ. ಆದರೂ ಈಗ ಶಾಪ್ ಫ್ಲೋರ್‌ನಲ್ಲಿರುವ ಬಹುಪಾಲು ಜನ ಸಾದಾ ಫಿಟ್ಟರ್ ಆಗಿ ಬಂದು ವಿಮಾನದ ಕೆಲಸವನ್ನು ಅಲ್ಲಿಯೇ ಕಲಿತವರು.

ಬೆಂಗಳೂರಿಗೆ ಇದು ಹೊಸದಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಈಗಿನ ಎಚ್‌ಎಎಲ್) ಶುರು ಮಾಡಿದಾಗ ಇಲ್ಲಿ ವಿಮಾನ ಕಟ್ಟಿದ ಅನುಭವ ಯಾರಿಗೂ ಇರಲಿಲ್ಲ. 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನ ಹಾರಿತು. 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿತು. ನಡುವಿನ ಹತ್ತು ವರ್ಷದಲ್ಲಿ ಒಂದು ತಲೆಮಾರು ತಯಾರಾಯಿತು. ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಅಲ್ಲೇ ಪರ್ಮನೆಂಟ್ ಆಗಿ, ಅಲ್ಲೇ ನಿವೃತ್ತಿಯಾಗುವುದು ಆಗಿನ ಬದುಕಿನ ದಾರಿ. ಎಚ್‌ಎಎಲ್ ಬಸ್ ಹತ್ತುವ ಹುಡುಗನಿಗೆ ಹೆಣ್ಣು ಕೊಡಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. 1975ರಲ್ಲಿ ಹಾರಿದ ಆರ್ಯಭಟ ತಯಾರಾದದ್ದೂ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಶೆಡ್ ಸಿಕ್ಕಿದ್ದರಿಂದ ಮಾತ್ರ ಆ ಕೆಲಸ ಆಗಲಿಲ್ಲ, ಕೆಲಸ ಗೊತ್ತಿದ್ದ ಕೈಗಳೂ ಈ ಊರಿನಲ್ಲಿ ಸಿಗುತ್ತಿದ್ದವು.

ಅಲ್ಲಿ ಬೇರೆ ಏನಿದೆ?

ಲೇತ್ ಓಡಿಸಲು ಗೊತ್ತಿರುವ ಹುಡುಗನಿಗೆ ವಿಮಾನದ ಕೆಲಸ ಯಾಕೆ ಕಷ್ಟವಾಗಬೇಕು? ಕೈಗಿಂತ ಮೊದಲು ತಲೆ ಬದಲಾಗಬೇಕು, ಅದಕ್ಕೆ.

ಸಾಮಾನ್ಯ ವರ್ಕ್‌ಶಾಪಿನಲ್ಲಿ ಜಾಣ ಮೆಕ್ಯಾನಿಕ್ ಅಂದರೆ ಹೇಗಾದರೂ ಮಾಡಿ ಕೆಲಸ ಮುಗಿಸುವವನು. ಬೋಲ್ಟ್ ಸಿಗಲಿಲ್ಲ ಅಂದರೆ ಅದರ ಹತ್ತಿರದ್ದನ್ನು ಹಾಕಿ ಗಾಡಿ ಓಡಿಸಿ ಕಳಿಸುತ್ತಾನೆ. ನಾವೂ ಅವನನ್ನು ಹೊಗಳುತ್ತೇವೆ. ವಿಮಾನದ ಶಾಪ್‌ನಲ್ಲಿ ಅದೇ ಜಾಣತನ ಅಪರಾಧ. 1990ರ ಜೂನ್‌ನಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂಭಾಗದ ಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ, ಅರ್ಧ ಒಳಗೆ. ಸಿಬ್ಬಂದಿ ಅವರನ್ನು ಹಿಡಿದುಕೊಂಡೇ ವಿಮಾನ ಇಳಿಸಿದರು, ಅವರು ಬದುಕಿದರು. ಆ ಗಾಜನ್ನು ಹಾರಾಟಕ್ಕೆ ಸ್ವಲ್ಪ ಮುಂಚೆಯಷ್ಟೇ ಬದಲಾಯಿಸಿದ್ದರು. 90 ಬೋಲ್ಟ್‌ಗಳ ಪೈಕಿ 84 ಬೇಕಾದ್ದಕ್ಕಿಂತ ತೆಳ್ಳಗಿದ್ದವು. ಎಷ್ಟು ತೆಳ್ಳಗೆ? ಸುಮಾರು 0.66 ಮಿಲಿಮೀಟರ್. ಹಳೆಯ ಬೋಲ್ಟ್ ಪಕ್ಕ ಇಟ್ಟು ಕಣ್ಣಳತೆಯಲ್ಲಿ ಹೊಂದಿಸಿದ್ದರು. ಹಾಗೆ ಮಾಡಿದವರು ಹೊಸಬರಲ್ಲ, ಅನುಭವಿ ಶಿಫ್ಟ್ ಮ್ಯಾನೇಜರ್.

ಅದಕ್ಕೇ ಈ ಕೆಲಸದಲ್ಲಿ ಕಾಗದ ಇಷ್ಟೊಂದು. ಪ್ರತಿ ಭಾಗಕ್ಕೂ ಅದರದೇ ರೂಟ್ ಕಾರ್ಡ್. ಲೋಹ ಯಾವ ಬ್ಯಾಚಿನದು, ಯಾವ ದಿನ ಯಾರು ಕೊರೆದರು, ಯಾರು ಪರೀಕ್ಷಿಸಿದರು ಎಲ್ಲ ದಾಖಲಾಗಬೇಕು. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್‌ಗೆ, ಅಳತೆ ಸರಿಯಿದೆ ಎಂಬ ಕ್ಯಾಲಿಬ್ರೇಶನ್ ಸ್ಟಿಕರ್ ಇರಬೇಕು, ಅದರ ತಾರೀಖು ದಾಟಿರಬಾರದು. ಟೂಲ್ ಬೋರ್ಡಿನಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗೂಡು ಇರುತ್ತದೆ. ಶಿಫ್ಟ್ ಮುಗಿದಾಗ ಒಂದು ಗೂಡು ಖಾಲಿ ಕಂಡರೆ ಅದು ಸಿಗುವವರೆಗೂ ವಿಮಾನ ಅಲ್ಲಾಡುವುದಿಲ್ಲ. ಬಿದ್ದ ವಾಷರ್ ಒಂದನ್ನು ಹುಡುಕಲು ನಾಲ್ಕು ಜನ ಟಾರ್ಚ್ ಹಿಡಿದು ಅರ್ಧ ದಿನ ಕಳೆಯುವುದು ಇಲ್ಲಿ ಮಾಮೂಲು. ಹೊಸಬರಿಗೆ ಇದು ಹುಚ್ಚಾಟದ ಹಾಗೆ ಕಾಣುತ್ತದೆ. ಬೀಗ ತಂತಿ ಕಟ್ಟುವ ಕೆಲಸವನ್ನೇ ನೋಡಿ. ಬೋಲ್ಟ್‌ಗಳು ಅದುರಿ ಬಿಚ್ಚಿಕೊಳ್ಳದಂತೆ ಸಣ್ಣ ಸ್ಟೀಲ್ ತಂತಿಯನ್ನು ಎರಡೆಳೆ ಹೊಸೆದು ಒಂದಕ್ಕೊಂದು ಬಿಗಿಯುತ್ತಾರೆ. ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಉಲ್ಟಾ ಕಟ್ಟಿದರೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಕೆಲಸಕ್ಕೆ ಮಾತ್ರ ಬಾರದು. ಸರಿ–ತಪ್ಪು ಒಂದೇ ನೋಟಕ್ಕೆ ತಿಳಿಯಬೇಕಾದರೆ ನೂರಾರು ಸಲ ಕಟ್ಟಿರಬೇಕು.

ತೇಜಸ್ ಬಂದ ಮೇಲೆ ಇನ್ನೊಂದು ಪದರ ಸೇರಿತು. ಅದರ ಮೈಗೂಡಿನ ತೂಕದಲ್ಲಿ ನೂರಕ್ಕೆ ಸುಮಾರು 45 ಭಾಗ ಕಾಂಪೋಸಿಟ್, ಅಂದರೆ ಕಾರ್ಬನ್ ಎಳೆಗೆ ರಾಳ ಸೇರಿಸಿದ ವಸ್ತು. ರಾಳ ಸೇರಿಸಿದ ಆ ಎಳೆಗಳ ಬಟ್ಟೆಯೂ ಫ್ರೀಜರ್‌ನಲ್ಲೇ ಇರಬೇಕು, ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೆ. ಹೊರಗೆ ಎಷ್ಟು ಗಂಟೆ ಇತ್ತು ಎಂಬುದನ್ನು ಲೆಕ್ಕ ಬರೆದಿಡಬೇಕು. ಪದರದ ಮೇಲೆ ಪದರ ಹಾಸುವಾಗ ಎಳೆಯ ದಿಕ್ಕು ತಪ್ಪಬಾರದು, ನಡುವೆ ಗಾಳಿ ಉಳಿಯಬಾರದು, ಒಂದು ಕೂದಲೂ ಸೇರಬಾರದು. ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೆಂದ ಮೇಲೆ ತಪ್ಪು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಹುಡುಕಲು ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುವ ಮತ್ತೊಬ್ಬ ಟೆಕ್ನಿಷಿಯನ್ ಬೇಕು. ಆ ಕೆಲಸಕ್ಕೆ ಇಷ್ಟು ಗಂಟೆ ತರಬೇತಿ, ಇಷ್ಟು ಗಂಟೆ ಅನುಭವ ಎಂಬ ನಿಯಮ ಇದೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಪಾಸಾಗದಿದ್ದರೆ ಎಷ್ಟೇ ಹಿರಿಯರಾಗಿರಲಿ ಸಹಿ ಹಾಕುವ ಹಾಗಿಲ್ಲ.

ನಾನು ನೋಡಿದ ಮಟ್ಟಿಗೆ, ಕೈ ಕೂರಲು ಎರಡು ಮೂರು ವರ್ಷ ಬೇಕು. ಎಲ್ಲವೂ ಸರಿಯಾಗಿ ಕಾಣುತ್ತಿದ್ದಾಗಲೂ "ಇಲ್ಲೇನೋ ಸರಿಯಿಲ್ಲ" ಎಂದು ನಿಲ್ಲಿಸುವ ಧೈರ್ಯ ಬರಲು ಅದಕ್ಕಿಂತ ಜಾಸ್ತಿ ಬೇಕು. ಮೇಸ್ತ್ರಿ ಬೈಯುತ್ತಾರೆ, ಲೈನ್ ನಿಲ್ಲುತ್ತದೆ, ಆದರೂ ಕೈ ಎತ್ತಬೇಕಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗ ಕೈ ಎತ್ತುತ್ತಾನೆಯೇ?

ಐದು ರಿವೆಟ್, ನಾಲ್ಕು ಬೋಲ್ಟ್

ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ಕಡೆ ನೋಡಬೇಕು. 2024ರ ಜನವರಿ 5ರಂದು ಪೋರ್ಟ್‌ಲೆಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಪಕ್ಕದ ಬಾಗಿಲಿನಂಥ ಭಾಗ ಸುಮಾರು 15 ಸಾವಿರ ಅಡಿ ಎತ್ತರದಲ್ಲಿ ಹಾರಿಹೋಯಿತು. ಒಳಗೆ 177 ಜನ ಇದ್ದರು. ಯಾರೂ ಸಾಯಲಿಲ್ಲ. ಕಿತ್ತುಹೋದ ಜಾಗದ ಪಕ್ಕದ ಸೀಟು ಅದೃಷ್ಟಕ್ಕೆ ಖಾಲಿ ಇತ್ತು. ಇಷ್ಟು ಎಲ್ಲರಿಗೂ ಗೊತ್ತು. ಯಾಕೆ ಹಾರಿಹೋಯಿತು ಎಂಬ ಕತೆ ನಮ್ಮಲ್ಲಿ ಅಷ್ಟು ಓಡಾಡಲಿಲ್ಲ.

ವಿಮಾನದ ಮೈಗೂಡು ರೆಂಟನ್‌ನ ಬೋಯಿಂಗ್ ಕಾರ್ಖಾನೆಗೆ ಬಂದಾಗ ಆ ಬಾಗಿಲಿನ ಪಕ್ಕ ಐದು ರಿವೆಟ್ ಕೆಟ್ಟಿದ್ದವು. ಅವನ್ನು ಸರಿಪಡಿಸಲು 2023ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದರು. ತೆರೆಯಬೇಕಾದರೆ ನಾಲ್ಕು ಬೋಲ್ಟ್ ತೆಗೆಯಬೇಕು. ರಿವೆಟ್ ರಿಪೇರಿ ಸರಿಯಾಗಿಯೇ ಆಯಿತು, ಅದಕ್ಕೆ ದಾಖಲೆಯೂ ಇತ್ತು. ಬಾಗಿಲು ತೆರೆದದ್ದಕ್ಕೆ ಮಾತ್ರ ದಾಖಲೆ ಇರಲಿಲ್ಲ. ದಾಖಲೆ ಇಲ್ಲದ ಮೇಲೆ ಬೋಲ್ಟ್ ಹಾಕಿದ್ದೀರಾ ಎಂದು ಯಾರೂ ಪರೀಕ್ಷಿಸಲಿಲ್ಲ. ಬಾಗಿಲು ಮುಚ್ಚಿದರು, ಒಳಗಿನ ಪ್ಯಾನೆಲ್ ಕೂರಿಸಿದರು, ಅಕ್ಟೋಬರ್ ಕೊನೆಗೆ ವಿಮಾನ ಗಿರಾಕಿಯ ಕೈ ಸೇರಿತು.

ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ 2025ರ ಜೂನ್‌ನಲ್ಲಿ ಮುಗಿಯಿತು. ಬೋಲ್ಟ್ ಹಾಕದ ಒಬ್ಬ ಕೆಲಸಗಾರನನ್ನು ಹಿಡಿದು ಮಂಡಳಿ ಕೈತೊಳೆದುಕೊಳ್ಳಲಿಲ್ಲ. ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಸಾಲಲಿಲ್ಲ ಎಂದು ಕಂಪನಿಯ ಕಡೆಗೇ ಬೆರಳು ತೋರಿಸಿತು. ಅದರಲ್ಲಿ ಬಂದ ಒಂದು ವಿವರ ನನಗೆ ಮರೆಯಲಾಗುತ್ತಿಲ್ಲ. ಬಾಗಿಲಿನ ತಂಡದಲ್ಲಿ 24 ಜನ ಇದ್ದರು. ಅಂಥ ಬಾಗಿಲನ್ನು ಹಿಂದೆ ತೆರೆದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಆ ದಿನ ಅವರು ರಜೆಯಲ್ಲಿದ್ದರು.

ಕೊರೊನಾ ಕಾಲದಲ್ಲಿ ಬೋಯಿಂಗ್‌ನಿಂದ ಸಾವಿರಾರು ಅನುಭವಿಗಳು ಹೊರಹೋದರು. ಬೇಡಿಕೆ ಮರಳಿದಾಗ ಹೊಸಬರನ್ನು ತುಂಬಿಕೊಂಡರು. ಜನರ ಲೆಕ್ಕ ಸರಿಹೋಯಿತು, ಅನುಭವದ ಲೆಕ್ಕ ಸರಿಹೋಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಮಾರು 33 ಸಾವಿರ ಕಾರ್ಮಿಕರು ಮುಷ್ಕರ ಹೂಡಿ, ಏಳು ವಾರಕ್ಕೂ ಹೆಚ್ಚು ಕಾಲ ನಿಂತು, ನಾಲ್ಕು ವರ್ಷದಲ್ಲಿ ಶೇ. 38 ವೇತನ ಏರಿಕೆ ಪಡೆದು ಒಳಗೆ ಹೋದರು. ಕಂಪನಿ ಅಷ್ಟು ಕೊಟ್ಟಿದ್ದು ಪ್ರೀತಿಯಿಂದಲ್ಲ. ಅವರ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಲು ಆಗುವುದಿಲ್ಲ ಎಂದು ಅದಕ್ಕೆ ಗೊತ್ತಾಗಿತ್ತು.

ರೋಬೋಟ್ ತಂದರಾಯಿತಲ್ವಾ ಎಂದು ಕೇಳುವವರೂ ಇದ್ದಾರೆ. ಅದನ್ನೂ ಬೋಯಿಂಗ್ ಮಾಡಿ ನೋಡಿದೆ. 777 ವಿಮಾನದ ಮೈಗೂಡಿಗೆ ರಿವೆಟ್ ಹೊಡೆಯಲು ಒಳಗೊಂದು ಹೊರಗೊಂದು ರೋಬೋಟ್ ನಿಲ್ಲಿಸಿತ್ತು. ಎರಡರ ನಡುವೆ ಹೊಂದಾಣಿಕೆ ಸಾಧಿಸಲು ವರ್ಷಗಟ್ಟಲೆ ಒದ್ದಾಡಿ, 2019ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮನುಷ್ಯರನ್ನೇ ಕರೆಯಿತು. ತಟ್ಟಿ ಮಾತಾಡುವ ಆ ಇಬ್ಬರ ನೆನಪಾಗಿ ನನಗೆ ಆವತ್ತು ಸ್ವಲ್ಪ ಖುಷಿಯೇ ಆಯಿತು ಅನ್ನಿ.

ನಮ್ಮ ಕಡೆಯ ಲೆಕ್ಕ

ಈಗ ಇಲ್ಲಿಗೆ ಬರೋಣ. 2021ರಲ್ಲಿ 83 ತೇಜಸ್ ಮಾರ್ಕ್ 1ಎ ವಿಮಾನಗಳಿಗೆ ಆರ್ಡರ್ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97, ಮೌಲ್ಯ 62,370 ಕೋಟಿ ರೂಪಾಯಿ. ಅದೇ ವರ್ಷದ ಮಾರ್ಚ್‌ನಲ್ಲಿ 156 ಪ್ರಚಂಡ ಹೆಲಿಕಾಪ್ಟರ್‌ಗಳ ಒಪ್ಪಂದ. ಗುಬ್ಬಿ ತಾಲ್ಲೂಕಿನ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ತೇಜಸ್‌ಗೆ ಬೆಂಗಳೂರಿನಲ್ಲಿ ಎರಡು ಲೈನ್, ನಾಸಿಕ್‌ನಲ್ಲಿ ಮೂರನೆಯದು. ವಿದೇಶಿ ಕಂಪನಿಗಳ ಕೆಲಸ ಬೇರೆ. ಏರ್‌ಬಸ್, ಬೋಯಿಂಗ್ ಎರಡೂ ಭಾರತದಿಂದ ವರ್ಷಕ್ಕೆ ನೂರು ಕೋಟಿ ಡಾಲರ್‌ಗೂ ಹೆಚ್ಚು ಬೆಲೆಯ ಸರಕು, ಸೇವೆ ಕೊಳ್ಳುತ್ತವೆ. ಏರ್‌ಬಸ್ ಎ220ರ ಬಾಗಿಲು ಮಾಡುವ ಗುತ್ತಿಗೆ 2024ರಲ್ಲಿ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಗೆ ಸಿಕ್ಕಿತು.

ಕೆಲಸಕ್ಕೆ ಬರವಿಲ್ಲ. ಹಾಗಿದ್ದರೆ ಕೆಲಸಗಾರನ ಸ್ಥಿತಿ ಹೇಗಿದೆ?

ಎಚ್‌ಎಎಲ್ ಇತ್ತೀಚಿನ ವರ್ಷಗಳಲ್ಲಿ ಡಿಪ್ಲೊಮಾ ಟೆಕ್ನಿಷಿಯನ್, ಆಪರೇಟರ್ ಹುದ್ದೆಗಳಿಗೆ ಕೊಟ್ಟ ಹಲವು ಜಾಹೀರಾತುಗಳನ್ನು ತೆಗೆದು ನೋಡಿ. ಟೆನ್ಯೂರ್ ಆಧಾರ, ನಾಲ್ಕು ವರ್ಷ ಎಂದಿರುತ್ತದೆ. ನಾಲ್ಕು ವರ್ಷ ಮುಗಿದ ಮೇಲೆ ಮನೆಗೆ. ಇದಕ್ಕೆ ಕಾರಣವೇ ಇಲ್ಲ ಎನ್ನಲಾಗದು. ವಿಮಾನದ ಆರ್ಡರ್ ಒಮ್ಮೆ ಬಂದರೆ ರಾಶಿ, ಇಲ್ಲದಿದ್ದರೆ ವರ್ಷಗಟ್ಟಲೆ ಇಲ್ಲ. ಆರ್ಡರ್ ಇಲ್ಲದ ಕಾಲದಲ್ಲಿ ಪರ್ಮನೆಂಟ್ ನೌಕರರ ಸಂಬಳದ ಹೊರೆ ಏನು ಎಂದು ಸಾರ್ವಜನಿಕ ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಆದರೆ ಈ ವಾದ ಹತ್ತು ವರ್ಷದ ಹಿಂದೆ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಆ 97 ವಿಮಾನಗಳನ್ನೇ ತೆಗೆದುಕೊಳ್ಳಿ. ಒಪ್ಪಿಸುವುದು 2027–28ರಲ್ಲಿ ಶುರುವಾಗಿ ಆರು ವರ್ಷ ನಡೆಯಬೇಕು. 2025ರಲ್ಲಿ ಸೇರಿದ ಹುಡುಗ 2029ರಲ್ಲಿ ಹೊರಗೆ ಹೋಗುತ್ತಾನೆ. ಅವನ ಕೈ ಕೂತು, ಕಣ್ಣು ಪಳಗುವ ಹೊತ್ತಿಗೆ, ಲೈನ್ ಜೋರಾಗಿ ಓಡುತ್ತಿರುವಾಗಲೇ. ಆ ಜಾಗಕ್ಕೆ ಬರುವ ಹೊಸಬ ಮತ್ತೆ ಮೊದಲ ರಿವೆಟ್‌ನಿಂದ ಕಲಿಯಬೇಕು.

ಇದರ ಕೆಳಗೆ ಅಪ್ರೆಂಟಿಸ್‌ಗಳು. 1961ರ ಕಾಯ್ದೆಯ ನಿಯಮಗಳನ್ನು 2019ರಲ್ಲಿ ತಿದ್ದಿದಾಗ ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಕನಿಷ್ಠ ಸ್ಟೈಪೆಂಡ್ ನಿಗದಿಯಾಯಿತು. ದೇವನಹಳ್ಳಿ ಕಡೆ ಪೇಯಿಂಗ್ ಗೆಸ್ಟ್ ಬಾಡಿಗೆ ಕೊಟ್ಟು ಮೂರು ಹೊತ್ತು ಊಟ ಮಾಡಲು ಇದು ಸಾಲುತ್ತದಾ? ಹುಬ್ಬಳ್ಳಿಯಿಂದಲೋ ರಾಯಚೂರಿನಿಂದಲೋ ಬಂದ ಹುಡುಗನ ಮನೆಯವರೇ ತಿಂಗಳು ತಿಂಗಳು ದುಡ್ಡು ಕಳಿಸಬೇಕು. ಅದೇ ಊರಿನಲ್ಲಿ ಪಾರ್ಸೆಲ್ ಹಂಚಲು ಹೋದರೆ ಮೊದಲ ತಿಂಗಳಿಂದಲೇ ಇದಕ್ಕಿಂತ ಜಾಸ್ತಿ ಕೈಗೆ ಬರುತ್ತದೆ. ಒಳ್ಳೆಯ ಫಿಟ್ಟರ್ ಆಗಬಹುದಾಗಿದ್ದವರು ಹೀಗೆ ಬೈಕ್ ಹತ್ತಿ ಹೋಗುವುದು ನನ್ನ ಕಣ್ಣೆದುರಿಗೇ ಆಗಿದೆ. ನಮ್ಮ ಬೀದಿಯ ಹುಡುಗನೊಬ್ಬ ಒಂದು ಖಾಸಗಿ ಘಟಕದಲ್ಲಿ ಎರಡು ವರ್ಷ ಲೂಮ್ ಕಟ್ಟುವುದನ್ನು ಕಲಿತ. ಕ್ರಿಂಪ್ ಮಾಡಿದ ಒಂದೊಂದು ವೈರನ್ನೂ ಎಳೆದು ನೋಡಿ ಮುಂದಿನದಕ್ಕೆ ಹೋಗುವಷ್ಟು ಶಿಸ್ತು ಬಂದಿತ್ತು. ಕಾಂಟ್ರ್ಯಾಕ್ಟರ್ ಬದಲಾದ. ಹೊಸ ಕಾಂಟ್ರ್ಯಾಕ್ಟರ್ ತನ್ನ ಜನ ತಂದ. ಇವನು ಈಗ ಸಿಸಿಟಿವಿ ಕ್ಯಾಮೆರಾ ಹಾಕುತ್ತಾನೆ. ಕೆಲಸ ಅಚ್ಚುಕಟ್ಟು, ಒಂದು ವೈರೂ ಜೋತಾಡುವುದಿಲ್ಲ.

ಇಸ್ರೋದಲ್ಲಿ ಸ್ಥಿತಿ ಬೇರೆ. ಅಲ್ಲಿ ಐಟಿಐ ಓದಿದವರಿಗೆ ಟೆಕ್ನಿಷಿಯನ್-ಬಿ ಹುದ್ದೆ, ಮೂಲ ವೇತನ 21,700ದಿಂದ ಶುರು. ಡಿಪ್ಲೊಮಾದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್, 44,900ದಿಂದ. ಜೊತೆಗೆ ಭತ್ಯೆಗಳು, ಕೆಲಸದ ಭದ್ರತೆ. ಆದರೆ ಹುದ್ದೆಗಳು ಬೆರಳೆಣಿಕೆಯಷ್ಟು, ಅರ್ಜಿಗಳು ರಾಶಿ.

ಹಿಂದೆ ಇನ್ನೊಂದು ದಾರಿಯೂ ಇತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ ಎಂಬುದೇ ನನಗೆ ಆಶ್ಚರ್ಯ. ವಾಯುಪಡೆಯ ಟೆಕ್ನಿಷಿಯನ್‌ಗಳು ಇಪ್ಪತ್ತು ವರ್ಷ ಸೇವೆ ಮುಗಿಸಿ, ನಲವತ್ತರ ಆಸುಪಾಸಿನಲ್ಲಿ ಹೊರಬರುತ್ತಿದ್ದರು. ಜಾಗ್ವಾರ್, ಮಿಗ್‌ಗಳನ್ನು ಬಿಚ್ಚಿ ಕಟ್ಟಿದ ಕೈಗಳು. ಬೆಂಗಳೂರಿನ ಏರೋಸ್ಪೇಸ್ ಕಂಪನಿಗಳಿಗೆ ಇವರು ರೆಡಿಮೇಡ್ ಇನ್‌ಸ್ಪೆಕ್ಟರ್‌ಗಳು, ಹುಡುಗರಿಗೆ ಗುರುಗಳು. ಕಂಪನಿಗಳು ಇವರ ತರಬೇತಿಗೆ ಒಂದು ಪೈಸೆ ಖರ್ಚು ಮಾಡಿರಲಿಲ್ಲ. 2022ರಲ್ಲಿ ಅಗ್ನಿಪಥ ಬಂತು. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆಯುವ ಅಗ್ನಿವೀರರ ಅವಧಿಯೂ ನಾಲ್ಕು ವರ್ಷ, ಅದರಲ್ಲಿ ನಾಲ್ಕನೇ ಒಂದು ಭಾಗದವರು ಮಾತ್ರ ಮುಂದುವರಿಯುತ್ತಾರೆ. ಹೊರಬರುವ ಹುಡುಗ ಶಿಸ್ತು ಕಲಿತಿರುತ್ತಾನೆ ನಿಜ. ಇಪ್ಪತ್ತು ವರ್ಷದ ಅನುಭವ ನಾಲ್ಕು ವರ್ಷಕ್ಕೆ ಬರುವುದಿಲ್ಲ. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾ ಹೋದಂತೆ ಹತ್ತು ಹದಿನೈದು ವರ್ಷದಲ್ಲಿ ಈ ಕೊರತೆ ಶಾಪ್ ಫ್ಲೋರ್‌ಗೆ ತಾಕುತ್ತದೆ.

ಕೆಲಸ ಎಚ್‌ಎಎಲ್ ಗೇಟಿನಿಂದ ಹೊರಗೂ ಹರಿಯುತ್ತಿದೆ. ತೇಜಸ್‌ನ ಹಿಂಭಾಗದ ಮೈಗೂಡು ಈಗ ಬೆಂಗಳೂರಿನ ಖಾಸಗಿ ಕಂಪನಿಯಿಂದ, ನಡುಭಾಗ ಹೈದರಾಬಾದಿನಿಂದ, ರೆಕ್ಕೆ ಕೊಯಮತ್ತೂರಿನಿಂದ ಬರುವ ವ್ಯವಸ್ಥೆ ಆಗಿದೆ. ಉತ್ಪಾದನೆ ಹೆಚ್ಚಿಸಲು ಇದು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೆಲಸ ಹೊರಗೆ ಹೋದಾಗ ತರಬೇತಿಯ ಜವಾಬ್ದಾರಿ ಯಾರ ಜೊತೆ ಹೋಯಿತು? ದೊಡ್ಡ ಕಂಪನಿಗೆ ಅಪ್ರೆಂಟಿಸ್ ಶಾಲೆ ನಡೆಸಲು ಆಗುತ್ತದೆ. ಪೀಣ್ಯದಲ್ಲಿ ಆರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರ ಇಟ್ಟುಕೊಂಡು ಮೂರನೇ ಹಂತದ ಸಪ್ಲೈ ಮಾಡುವವರಿಗೆ ಆಗುತ್ತದಾ? ಅವರು ಕಲಿಸಿದ ಹುಡುಗ ಎರಡು ಸಾವಿರ ಜಾಸ್ತಿ ಸಿಕ್ಕಿದರೆ ಪಕ್ಕದ ಶೆಡ್‌ಗೆ ಹೋಗುತ್ತಾನೆ. ಹೋಗಬಾರದು ಎನ್ನಲು ಯಾರಿಗೂ ಹಕ್ಕಿಲ್ಲ. ಹಾಗಾಗಿ ಎಲ್ಲರೂ ಕಲಿತವರನ್ನು ಹುಡುಕುತ್ತಾರೆ, ಕಲಿಸುವವರು ಕಡಿಮೆ.

ದೇವನಹಳ್ಳಿಯಲ್ಲೊಂದು ಪ್ರಶ್ನೆ, ಬೆಳಗಾವಿಯಲ್ಲೊಂದು ಉತ್ತರ

2025ರ ಜುಲೈನಲ್ಲಿ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆಂದು ಹೊರಟಿದ್ದ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತು ಗೆದ್ದ ಹೋರಾಟ ಅದು. ತಕ್ಷಣ ಆಂಧ್ರದ ಸಚಿವ ನಾರಾ ಲೋಕೇಶ್ ಏರೋಸ್ಪೇಸ್ ಕಂಪನಿಗಳಿಗೆ ನಮ್ಮಲ್ಲಿಗೆ ಬನ್ನಿ ಎಂದರು. ಇಲ್ಲಿ ಟಿವಿ ಚರ್ಚೆಗಳಲ್ಲಿ ಉದ್ಯಮವೇ ಎದ್ದುಹೋಯಿತು ಎಂಬಂತೆ ಮಾತಾಡಿದರು.

ಭೂಮಿ ಪಕ್ಕದ ರಾಜ್ಯದಲ್ಲಿ ಸಿಗುತ್ತದೆ. ಕೆಲಸ ಗೊತ್ತಿರುವ ಹತ್ತು ಸಾವಿರ ಜನರನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಲು ಬರುವುದಿಲ್ಲ. ಬೆಂಗಳೂರಿನ ಬಲ ಎಂದೂ ಎಕರೆಯಲ್ಲಿ ಇರಲಿಲ್ಲ. ರೈತರ ಅನುಮಾನಕ್ಕೂ ಇದೇ ಬೇರು. ಭೂಮಿ ಕೊಟ್ಟರೆ ಮನೆಗೊಂದು ಕೆಲಸ ಎನ್ನುತ್ತಾರೆ, ಆ ಕೆಲಸ ಗೇಟು ಕಾಯುವುದಾ, ಜಿಗ್ ಮೇಲಾ ಎಂದು ಯಾರೂ ಹೇಳುವುದಿಲ್ಲ.

ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯ ಇದೆ. ಫೋರ್ಜಿಂಗ್, ಮೆಷಿನಿಂಗ್, ಸರ್ಫೇಸ್ ಟ್ರೀಟ್‌ಮೆಂಟ್ ಎಲ್ಲ ಒಂದೇ ಆವರಣದಲ್ಲಿ. ವಿಮಾನ ನಿಲ್ದಾಣದ ಮಗ್ಗುಲಲ್ಲೂ ಅಲ್ಲ, ರಾಜಧಾನಿಯಲ್ಲೂ ಅಲ್ಲ, ಹೆದ್ದಾರಿ ಬದಿಯ ಒಂದು ಹಳ್ಳಿಯಲ್ಲಿ. ಅದು ಅಲ್ಲಿ ಯಾಕೆ ನಿಂತಿತು? ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿ, ಮೆಷಿನ್ ಶಾಪ್‌ಗಳಲ್ಲಿ ದಶಕಗಳಿಂದ ಎರಕ ಹೊಯ್ದ, ಕ್ರ್ಯಾಂಕ್‌ಶಾಫ್ಟ್ ಉಜ್ಜಿದ ಜನ ಇದ್ದರು. ಅಪ್ಪ ಟರ್ನರ್, ಮಗ ಸಿಎನ್‌ಸಿ ಆಪರೇಟರ್. ಮೈಕ್ರೋಮೀಟರ್ ಅಂದರೆ ಏನು ಎಂದು ಮನೆಯಲ್ಲೇ ಗೊತ್ತು. ರಾತ್ರಿ ಊರಿಗೆ ಹೋಗಿ ಮಲಗಬಹುದು, ಬಾಡಿಗೆಯಿಲ್ಲ, ಹಾಗಾಗಿ ಬಿಟ್ಟುಹೋಗುವ ಆತುರವೂ ಇಲ್ಲ. ಸಂಬಳ ಬೆಂಗಳೂರಿನಷ್ಟಿಲ್ಲದಿದ್ದರೂ ಜನ ನಿಲ್ಲುತ್ತಾರೆ ಎಂಬುದು ಉದ್ಯಮಕ್ಕೆ ದೊಡ್ಡ ಲಾಭ.

ಇದರಿಂದ ಸರ್ಕಾರ ಕಲಿಯಬಹುದಾದದ್ದು ಇದೆ. ಹೊಸ ಏರೋಸ್ಪೇಸ್ ಪಾರ್ಕ್ ಎಲ್ಲಿ ಎಂದು ಕೇಳುವ ಮೊದಲು ಎಲ್ಲಿನ ಐಟಿಐ, ಎಲ್ಲಿನ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಚೆನ್ನಾಗಿ ನಡೆಯುತ್ತಿದೆ ಎಂದು ನೋಡಬಹುದು. ಸ್ಟೈಪೆಂಡ್ ಮೇಲೆ ಬಾಡಿಗೆಯಷ್ಟನ್ನು ಸರ್ಕಾರವೇ ಸೇರಿಸಿದರೆ ಆಗುವ ಖರ್ಚು, ಕಂಪನಿಗಳಿಗೆ ಭೂಮಿಯಲ್ಲಿ ಕೊಡುವ ರಿಯಾಯಿತಿಯ ಮುಂದೆ ಚಿಲ್ಲರೆ. ರಕ್ಷಣಾ ಒಪ್ಪಂದ ಎಷ್ಟು ವರ್ಷದ್ದೋ ಟೆಕ್ನಿಷಿಯನ್ ನೇಮಕವೂ ಅಷ್ಟು ವರ್ಷದ್ದಾಗಲಿ ಎಂದು ಒಪ್ಪಂದದಲ್ಲೇ ಬರೆಯಬಹುದು. ಪರ್ಮನೆಂಟ್ ಮಾಡಿ ಎಂದು ನಾನು ಹಟ ಹಿಡಿಯುವುದಿಲ್ಲ, ಆ ಕಾಲ ಹೋಯಿತೇನೋ. ಕೆಲಸ ಇರುವಷ್ಟು ಕಾಲವಾದರೂ ಕೆಲಸಗಾರ ಇರಲಿ. ಇನ್ನೊಂದು, ಹುಡುಗ ಯಾವ ಕೆಲಸಕ್ಕೆ ಅರ್ಹತೆ ಪಡೆದಿದ್ದಾನೆ ಎಂಬ ದಾಖಲೆ ಈಗ ಕಂಪನಿಯ ಕಪಾಟಿನಲ್ಲಿ ಉಳಿಯುತ್ತದೆ. ಕಂಪನಿ ಬಿಟ್ಟರೆ ಅವನ ಕೈಗೆ ಸಿಗುವುದು ಒಂದು ಸಾಲಿನ ಅನುಭವ ಪತ್ರ. ಚಾಲಕನಿಗೆ ಲೈಸೆನ್ಸ್ ಇರುವ ಹಾಗೆ ಇವನಿಗೂ ತನ್ನದೇ ಒಂದು ಪುಸ್ತಕ ಇದ್ದರೆ ಮುಂದಿನ ಶೆಡ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ಯೂನಿಯನ್‌ಗಳೂ ಇದನ್ನು ಕೇಳುತ್ತಿಲ್ಲ. 2019ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್ ಕಾರ್ಮಿಕರು ವೇತನ ಪರಿಷ್ಕರಣೆಗಾಗಿ ಮುಷ್ಕರ ಮಾಡಿದಾಗ ಮುಂದಿದ್ದವರು ಪರ್ಮನೆಂಟ್ ನೌಕರರು. ಟೆನ್ಯೂರ್‌ನಲ್ಲಿ ಇರುವವರ, ಕಾಂಟ್ರ್ಯಾಕ್ಟ್‌ನಲ್ಲಿ ಇರುವವರ ದನಿ ಈಗಲೂ ಗೇಟಿನ ಹೊರಗೇ.

ಈ ಶಾಪ್‌ಗಳಲ್ಲಿ ಕೆಲಸ ಪರೀಕ್ಷಿಸಿ ಒಪ್ಪಿಕೊಳ್ಳುವವರಿಗೆ ಒಂದು ಸಣ್ಣ ರಬ್ಬರ್ ಸ್ಟ್ಯಾಂಪ್ ಕೊಡುತ್ತಾರೆ, ಅದರಲ್ಲೊಂದು ಸಂಖ್ಯೆ. ಅದನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ, ಕಳೆದುಕೊಂಡರೆ ಆ ಕ್ಷಣವೇ ಹೇಳಬೇಕು. ಕೆಲಸ ಬಿಡುವ ದಿನ ಸ್ಟೋರ್‌ಗೆ ಒಪ್ಪಿಸಿ ಬರಬೇಕು. ಹಾಗೆ ವಾಪಸ್ ಬಂದ ಸಂಖ್ಯೆಯನ್ನು ಹೊಸಬರಿಗೆ ಕೂಡಲೇ ಕೊಡದೆ ಕೆಲವು ಕಾಲ ತೆಗೆದಿಡುವುದು ವಾಡಿಕೆ, ಹಳೆಯ ಕೆಲಸ ಯಾರದು ಎಂಬುದರಲ್ಲಿ ಗೊಂದಲ ಆಗಬಾರದಲ್ಲ. ಸಹಿ ಹಾಕಿದ ಹುಡುಗ ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಕೆಲಸ ಹುಡುಕುತ್ತಿರುತ್ತಾನೆ. ಅವನು ಒತ್ತಿದ ಸಂಖ್ಯೆ ಮಾತ್ರ ರೂಟ್ ಕಾರ್ಡಿನಲ್ಲಿ, ವಿಮಾನ ಹಾರುವ ಮೂವತ್ತು ವರ್ಷವೂ ಹಾಗೇ ಇರುತ್ತದೆ.